ರೆಫರಲ್ ಎಂದರೇನು? ‘ಬೆಂಗಳೂರಿಗೆ ಬರೆದುಕೊಟ್ಟಿದ್ದಾರೆ’

“ಇಲ್ಲಿ ಆಗುವುದಿಲ್ಲವಂತೆ, ಬೆಂಗಳೂರಿಗೆ ಬರೆದುಕೊಟ್ಟಿದ್ದಾರೆ.” ನಮ್ಮ ಜಿಲ್ಲಾ ಆಸ್ಪತ್ರೆಗಳ ಮೆಟ್ಟಿಲ ಮೇಲೆ ಈ ಮಾತು ಕೇಳದ ದಿನವಿಲ್ಲ. ಹೀಗೆ ಬರೆದುಕೊಡುವುದಕ್ಕೆ ವೈದ್ಯರು ಇಟ್ಟುಕೊಂಡಿರುವ ಹೆಸರು ರೆಫರಲ್. ಕನ್ನಡದಲ್ಲಿ ಇದನ್ನು ‘ಶಿಫಾರಸು’ ಎನ್ನುವವರಿದ್ದಾರೆ. ನನಗೆ ಅದು ಒಪ್ಪುವುದಿಲ್ಲ, ಏಕೆಂದರೆ ಶಿಫಾರಸು ಎಂದೊಡನೆ ಕಿವಿಗೆ ಬೀಳುವುದು ವಶೀಲಿಯ ಸದ್ದು. ಜನರು ಕಟ್ಟಿಕೊಂಡ ‘ಬರೆದುಕೊಡು’ ಎಂಬ ಮಾತೇ ಅರ್ಥಕ್ಕೆ ಹೆಚ್ಚು ಹತ್ತಿರ. ರೆಫರಲ್‌ನ ಜೀವ ಇರುವುದು ಬರೆದ ಚೀಟಿಯಲ್ಲಿ.

ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಅದರ ಮೇಲೆ ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ. ಕೊನೆಯ ಮೆಟ್ಟಿಲಿಗೆ ಚೀಟಿಯಲ್ಲಿ ‘ಹೈಯರ್ ಸೆಂಟರ್’ ಎಂದು ಬರೆಯುತ್ತಾರೆ. ಕರ್ನಾಟಕದ ಮಟ್ಟಿಗೆ ಅದು ಬಹುಪಾಲು ಬೆಂಗಳೂರು: ಮಿದುಳಿಗೂ ಮನಸ್ಸಿಗೂ ನಿಮ್ಹಾನ್ಸ್, ಕ್ಯಾನ್ಸರಿಗೆ ಕಿದ್ವಾಯಿ, ಹೃದಯಕ್ಕೆ ಜಯದೇವ, ಕಣ್ಣಿಗೆ ಮಿಂಟೋ. ಮೈಸೂರು, ಕಲಬುರಗಿಯಲ್ಲೂ ಜಯದೇವ ಶುರುವಾದ ಮೇಲೆ ಆ ಭಾಗದ ಎಷ್ಟೋ ಹೃದ್ರೋಗಿಗಳಿಗೆ ರಾತ್ರಿಯಿಡೀ ಪ್ರಯಾಣಿಸುವ ಕಷ್ಟ ತಪ್ಪಿದೆ.

ಚೀಟಿಯ ಬೆಲೆ ನನಗೆ ತಿಳಿದದ್ದು ದೊಡ್ಡಪ್ಪನಿಗೆ ಲಕ್ವ ಹೊಡೆದಾಗ. ಊರಿನ ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಇದ್ದದ್ದು ಒಂದೇ ಸಾಲು, ‘ಹೆಚ್ಚಿನ ಚಿಕಿತ್ಸೆಗೆ’. ಬೆಂಗಳೂರಿನ ತುರ್ತು ವಿಭಾಗದ ಯುವ ವೈದ್ಯೆ ಅದನ್ನು ತಿರುಗಿಸಿ ಹಿಂಬದಿ ನೋಡಿದರು. ಖಾಲಿ. “ಬಾಯಿ ಸೊಟ್ಟಗಾದದ್ದು ಎಷ್ಟು ಗಂಟೆಗೆ? ಅಲ್ಲಿ ಕೊಟ್ಟ ಇಂಜೆಕ್ಷನ್ ಯಾವುದು?” ನಾವು ಮುಖ ಮುಖ ನೋಡಿಕೊಂಡೆವು. ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಗಡಿಯಾರ ಶುರುವಾದದ್ದು ಯಾವಾಗ ಎಂದು ತಿಳಿಯದಿದ್ದರೆ ವೈದ್ಯರ ಕೈ ಕಟ್ಟಿಹಾಕಿದಂತೆ. ಲಕ್ಷಣ ಶುರುವಾದ ಹೊತ್ತು, ಕೊಟ್ಟ ಔಷಧಿ, ಮಾಡಿದ ಪರೀಕ್ಷೆ, ಕಳಿಸುತ್ತಿರುವ ಕಾರಣ, ಯಾವ ವಿಭಾಗಕ್ಕೆ ಎಂಬುದು, ಇಷ್ಟಿದ್ದರೆ ಅದು ರೆಫರಲ್. ಇಲ್ಲದಿದ್ದರೆ ರೋಗಿಯನ್ನು ಸಾಗಹಾಕಿದ್ದು ಅಷ್ಟೇ. ಆಂಬುಲೆನ್ಸ್ ಹತ್ತುವ ಮೊದಲು ಇವನ್ನು ಕೇಳಿ ಬರೆಸಿಕೊಳ್ಳಿ, ಸಂಕೋಚ ಬೇಡ.

ಹಣದ ವಿಷಯಕ್ಕೂ ಈ ಚೀಟಿ ಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ದೊಡ್ಡ ಚಿಕಿತ್ಸೆ ಪಡೆಯಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ.

ರೋಗಿಯೇ ಹೋಗಬೇಕೆಂದೂ ಇಲ್ಲ. 2023ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ತಾಲ್ಲೂಕಿನಿಂದ ತಜ್ಞರಿಗೆ ತಲುಪುತ್ತದೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲಿಯೇ ಉಚಿತ. ದೊಡ್ಡಾಸ್ಪತ್ರೆಗೆ ಪ್ರಯಾಣ ಅದಾದ ಮೇಲೆ.

ಹೋದ ಚೀಟಿ ತಿರುಗಿ ಬರುವುದೂ ರೆಫರಲ್‌ನ ಭಾಗವೇ. ದೊಡ್ಡಪ್ಪನ ಡಿಸ್ಚಾರ್ಜ್ ಕಾಗದವನ್ನು ಊರಿನ ವೈದ್ಯರು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದರು. ರಕ್ತದೊತ್ತಡದ ಮಾತ್ರೆಯ ಹೆಸರು, ಪ್ರಮಾಣ ಎರಡನ್ನೂ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಮುಂದಿನ ತಿಂಗಳಿನಿಂದ ಮಾತ್ರೆ ಊರಿನಲ್ಲೇ ಸಿಕ್ಕಿತು.