ಗಂಡೇ ಇಲ್ಲದ ಜೀವಿ: ಇದು ಹೊಸ ಪ್ರಭೇದ ಅಂತ ಹೇಳುವುದು ಹೇಗೆ?

ಪ್ರಶ್ನೆ: ಪಾಚಿಯಲ್ಲಿ ಹೊಸ ರೋಟಿಫರ್ ಸಿಕ್ಕಿತು ಅಂತ ಆಗಾಗ ಓದುತ್ತೇವೆ. ನೀರಿನಲ್ಲಿ, ಒದ್ದೆ ಜಾಗದಲ್ಲಿ ಬದುಕುವ ಈ ಪ್ರಾಣಿ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಅದು ಹೊಸದು ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಮೊದಲು ಆ ಜೀವಿಯನ್ನು ಒಮ್ಮೆ ನೋಡಿಬಿಡೋಣ. ಗೋಡೆ ಮೇಲೆ ಒಣಗಿ ಕಂದಾದ ಪಾಚಿಯನ್ನು ಒಂದು ಚಿಟಿಕೆ ತನ್ನಿ. ಬಟ್ಟಲಲ್ಲಿ ಮಳೆನೀರು ಹಾಕಿ ನೆನೆಸಿಡಿ. ಕೆಲವು ಗಂಟೆ ಬಿಟ್ಟು ಹಿಂಡಿ, ಆ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಡಿ. ಮೊದಮೊದಲು ಬರೀ ಮಣ್ಣಿನ ಕಣ ಕಾಣುತ್ತದೆ. ಸುಮ್ನೆ ಕಾಯಬೇಕು. ಆಮೇಲೆ ಒಂದು ಪುಟ್ಟ ಉಂಡೆ ನಿಧಾನವಾಗಿ ಉದ್ದವಾಗುತ್ತದೆ. ಮೂತಿ ಚಾಚಿ ಗಾಜಿಗೆ ಅಂಟಿಕೊಳ್ಳುತ್ತದೆ, ಹಿಂಭಾಗವನ್ನು ಎಳೆದುಕೊಳ್ಳುತ್ತದೆ, ಮತ್ತೆ ಮೂತಿ ಚಾಚುತ್ತದೆ. ಮಲೆನಾಡಿನ ಮಳೆಯಲ್ಲಿ ಓಡಾಡಿದವರಿಗೆ ಈ ನಡಿಗೆ ಗೊತ್ತು. ಥೇಟ್ ಉಂಬಳದ್ದೇ! ರೋಟಿಫರ್‌ಗಳಲ್ಲಿ ಪಾಚಿಯಲ್ಲಿ ಜಾಸ್ತಿ ಸಿಗುವ ಈ ಗುಂಪಿಗೆ ಡೆಲಾಯ್ಡ್ ಅಂತ ಹೆಸರು ಬಂದದ್ದೂ ಜಿಗಣೆಗಿರುವ ಗ್ರೀಕ್ ಪದದಿಂದ.

ಒಂದು ಕಡೆ ಕಾಲೂರಿ ತಲೆ ಬಿಚ್ಚಿತೆಂದರೆ ಎರಡು ಚಕ್ರ ಗಿರ್ರನೆ ತಿರುಗಿದಂತೆ ಕಾಣುತ್ತದೆ. ನಿಜವಾಗಿ ಅಲ್ಲಿ ಯಾವ ಚಕ್ರವೂ ಇಲ್ಲ. ಸಣ್ಣ ರೋಮಗಳು ಒಂದರ ಹಿಂದೆ ಒಂದು ಬಾಗುತ್ತಾ ಹೋಗುತ್ತವೆ, ಗದ್ದೆಯ ಪೈರಿನ ಮೇಲೆ ಗಾಳಿ ಹಾದುಹೋದ ಹಾಗೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಈಗ ನಿಮ್ಮ ಪ್ರಶ್ನೆ. ಎರಡು ಜೀವಿಗಳು ಕೂಡಿ ಮರಿ ಮಾಡಿದರೆ, ಆ ಮರಿಗಳಿಗೂ ಮರಿಯಾದರೆ ಅವು ಒಂದೇ ಪ್ರಭೇದ ಅಂತ ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಡೆಲಾಯ್ಡ್‌ಗಳ ಹತ್ತಿರ ಈ ಅಳತೆ ನಡೆಯುವುದಿಲ್ಲ. ಇವುಗಳಲ್ಲಿ ಗಂಡನ್ನು ಇದುವರೆಗೆ ಯಾರೂ ಕಂಡಿಲ್ಲ. ಇರುವುದೆಲ್ಲ ಹೆಣ್ಣು, ತಾಯಿಯಿಂದ ಮಗಳು, ಮಗಳಿಂದ ಮೊಮ್ಮಗಳು. ಹಾಗಾದರೆ ಇವುಗಳಲ್ಲಿ ಪ್ರಭೇದ ಅನ್ನುವುದೇ ಇದೆಯಾ? 2007ರಲ್ಲಿ ಡಿಯಾಗೋ ಫಾಂಟನೆಟೋ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿದರು. ಡೆಲಾಯ್ಡ್‌ಗಳಲ್ಲೇ ಒಂದಾದ ರೊಟೇರಿಯಾ ಕುಲದ ಪ್ರಾಣಿಗಳ ಡಿಎನ್‌ಎ ಮತ್ತು ದವಡೆಯ ಆಕಾರ ಎರಡನ್ನೂ ಹೋಲಿಸಿ ನೋಡಿದರು. ಕೂಡುವಿಕೆ ಇಲ್ಲದಿದ್ದರೂ ಅವು ಬೇರೆ ಬೇರೆ ಗುಂಪುಗಳಾಗಿಯೇ ಒಡೆದಿದ್ದವು. ಇವುಗಳಿಗೆ ಬೇರೆ ಬೇರೆ ಹೆಸರಿಡುವುದಕ್ಕೆ ಅರ್ಥ ಇದೆ ಅಂತ ನಾನು ನಂಬುವುದು ಇದರಿಂದಲೇ.

ಕೆಲಸ ಮಾತ್ರ ಸುಲಭದ್ದಲ್ಲ. ಬೇರೆ ಎಷ್ಟೋ ಪ್ರಾಣಿಗಳನ್ನು ಸ್ಪಿರಿಟ್‌ನಲ್ಲಿ ಹಾಕಿಟ್ಟು ಬಿಡುವಾದಾಗ ನೋಡಬಹುದು. ಡೆಲಾಯ್ಡ್ ಅನ್ನು ಹಾಗೆ ಇಟ್ಟರೆ ಮುದುಡಿ ಉಂಡೆಯಾಗುತ್ತದೆ, ಗುರುತೆಲ್ಲ ಒಳಗೆ ಸೇರಿಹೋಗುತ್ತದೆ. ಜೀವಂತ ಇರುವಾಗಲೇ, ಅದು ಓಡಾಡುವಾಗಲೇ ನೋಡಬೇಕು, ಅಳೆಯಬೇಕು, ಚಿತ್ರ ಬರೆಯಬೇಕು. ಕಣ್ಣಿನ ಕೆಂಪು ಚುಕ್ಕೆ ಇದೆಯಾ, ಇದ್ದರೆ ಮೂತಿಯ ಮೇಲೋ ಹಿಂದೆ ಮಿದುಳಿನ ಮೇಲೋ? ಪಾದದಲ್ಲಿ ಬೆರಳು ಮೂರೋ ನಾಲ್ಕೋ? ಪಾದದ ಮೇಲಿನ ಎರಡು ಮುಳ್ಳು ಎಷ್ಟು ಉದ್ದ? ಮೊಟ್ಟೆ ಇಡುತ್ತದೋ ಮರಿ ಹಾಕುತ್ತದೋ? ಕೊನೆಗೆ ಒಂದು ಪ್ರಾಣಿಯ ಮೈಯನ್ನು ಬ್ಲೀಚ್ ದ್ರಾವಣದಲ್ಲಿ ಕರಗಿಸುತ್ತಾರೆ. ಗಟ್ಟಿಯಾದ ದವಡೆ ಮಾತ್ರ ಉಳಿಯುತ್ತದೆ. ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಹಲ್ಲು ಎಣಿಸುತ್ತಾರೆ.

ಇಷ್ಟಾದರೂ ಕಣ್ಣು ಮೋಸಹೋಗಬಹುದು. ಮೀನುಮರಿಗಳಿಗೆ ಮೇವಾಗಿ ಸಾಕುವ ಬ್ರಾಕಿಯೋನಸ್ ಪ್ಲಿಕಾಟಿಲಿಸ್ ಇನ್ನೊಂದು ಗುಂಪಿನ ರೋಟಿಫರ್. ಬಹಳ ಕಾಲ ಅದನ್ನು ಒಂದೇ ಪ್ರಭೇದ ಅಂದುಕೊಂಡಿದ್ದರು. ಡಿಎನ್‌ಎ ನೋಡಿದಾಗ ಆ ಒಂದು ಹೆಸರಿನಡಿ ಸುಮಾರು 15 ಪ್ರಭೇದಗಳು ಸಿಕ್ಕವು. ಹಾಗಾಗಿ ಈಗ ಆಕಾರದ ಜೊತೆ ಡಿಎನ್‌ಎಯನ್ನೂ ತಾಳೆ ನೋಡುತ್ತಾರೆ. ಹಳೆಯ ವಿವರಣೆಗಳನ್ನೆಲ್ಲ ಓದಿ, ಯಾವುದಕ್ಕೂ ಹೊಂದುವುದಿಲ್ಲ ಅಂತ ಖಾತ್ರಿಯಾದ ಮೇಲೆಯೇ ಹೊಸ ಹೆಸರು.

ಹಳೆಯ ವಿವರಣೆ ಅಂದಾಗ ನನಗೆ ಜೇಮ್ಸ್ ಮರ್ರೆ ನೆನಪಾಗುತ್ತಾರೆ. ಸ್ಕಾಟ್‌ಲೆಂಡಿನವರು. ಶ್ಯಾಕಲ್‌ಟನ್‌ರ 1907–09ರ ಅಂಟಾರ್ಕ್ಟಿಕಾ ಯಾತ್ರೆಯಲ್ಲಿ ಜೀವಶಾಸ್ತ್ರಜ್ಞರಾಗಿದ್ದರು. ರಾಸ್ ದ್ವೀಪದಲ್ಲಿ ಹೆಪ್ಪುಗಟ್ಟಿದ ಕೆರೆಗಳ ತಳದಲ್ಲಿ ಅವರಿಗೆ ಕೆಂಪು ಕಲೆಗಳು ಕಂಡವು. ಅವು ಒತ್ತೊತ್ತಾಗಿ ಸೇರಿಕೊಂಡ ರೋಟಿಫರ್‌ಗಳು! 1910ರಲ್ಲಿ ಅದಕ್ಕೆ ಫಿಲೋಡಿನಾ ಗ್ರೆಗೇರಿಯಾ ಅಂತ ಹೆಸರಿಟ್ಟರು. ಗ್ರೆಗೇರಿಯಾ ಅಂದರೆ ಗುಂಪಾಗಿ ಬಾಳುವುದು. ಆಗ ಡಿಎನ್‌ಎ ಪರೀಕ್ಷೆ ಇರಲಿಲ್ಲ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೂ ಇರಲಿಲ್ಲ. ಆ ಹೆಸರು ಇಂದಿಗೂ ಬಳಕೆಯಲ್ಲಿದೆ.

ನೀವೂ ಪಾಚಿ ತಂದರೆ ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ, ಬೂಸ್ಟು ಹಿಡಿಯುತ್ತದೆ. ಒಣಗಿದ ಡೆಲಾಯ್ಡ್‌ಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಾಗೇ ಮುದುಡಿ ಕಾಯುತ್ತವೆ. ಪೊಟ್ಟಣದ ಮೇಲೆ ಊರು, ತಾರೀಖು, ಪಾಚಿ ಸಿಕ್ಕಿದ್ದು ಕಲ್ಲಿನ ಮೇಲೋ ಮರದ ಮೇಲೋ ಅನ್ನುವುದನ್ನು ಮರೆಯದೆ ಬರೆಯಿರಿ.