ಕಲ್ಯಾಣ ಮಂಟಪದ ಬೆಳಕಿನಲ್ಲಿ ಎಕ್ಸ್‌ಟರ್ನಲ್ ಫ್ಲ್ಯಾಶ್: ಆಯ್ಕೆ ಮತ್ತು ಬಳಕೆ

ಫ್ಲ್ಯಾಶ್ ಹಾಕಿ ತೆಗೆದ ಪ್ರತಿ ಫೋಟೋದಲ್ಲೂ ಎರಡು ಎಕ್ಸ್‌ಪೋಷರ್‌ಗಳು (ಸೆನ್ಸರ್ ಮೇಲೆ ಬೀಳುವ ಬೆಳಕಿನ ಪ್ರಮಾಣ) ಸೇರಿರುತ್ತವೆ: ಮಂಟಪದ ದೀಪಗಳದ್ದೊಂದು, ಫ್ಲ್ಯಾಶಿನದೊಂದು. ಇದು ತಲೆಗೆ ಹತ್ತಿದರೆ ಉಳಿದದ್ದೆಲ್ಲ ಸಲೀಸು. ಪೂರ್ಣ ಶಕ್ತಿಯಲ್ಲಿ ಫ್ಲ್ಯಾಶ್ ಬೆಳಗುವುದು ಸೆಕೆಂಡಿನ ಮುನ್ನೂರನೇ ಒಂದು ಭಾಗದ ಆಸುಪಾಸು, 1/128 ಶಕ್ತಿಯಲ್ಲಿ ಇಪ್ಪತ್ತು ಸಾವಿರದಲ್ಲಿ ಒಂದು ಭಾಗದಷ್ಟು. ಶಟರ್ 1/60 ಇರಲಿ, 1/200 ಇರಲಿ, ಅದು ಮುಚ್ಚುವುದರೊಳಗೆ ಫ್ಲ್ಯಾಶಿನ ಕೆಲಸ ಮುಗಿದಿರುತ್ತದೆ. ಹಾಗಾಗಿ ಶಟರ್ ಸ್ಪೀಡ್ ಬದಲಾಯಿಸಿದರೆ ಹಿನ್ನೆಲೆಯ ಬೆಳಕಷ್ಟೇ ಏರಿಳಿಯುತ್ತದೆ, ಮುಖದ ಮೇಲಿನ ಫ್ಲ್ಯಾಶ್ ಬೆಳಕು ಇದ್ದ ಹಾಗೇ ಇರುತ್ತದೆ. ಅಪರ್ಚರ್ (ಲೆನ್ಸಿನ ತೆರಪು) ಮತ್ತು ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) ಎರಡೂ ಬೆಳಕನ್ನು ಒಟ್ಟಿಗೆ ಏರಿಸಿ ಇಳಿಸುತ್ತವೆ. ಫ್ಲ್ಯಾಶಿನ ಶಕ್ತಿ ಹೊಂದಿಸುವ ಬಟನ್ನು ಫ್ಲ್ಯಾಶಿನ ಬೆಳಕೊಂದನ್ನೇ.

ಕೊಳ್ಳುವ ಮೊದಲು

ಮೊದಲು ನೋಡಬೇಕಾದ್ದು ಕ್ಯಾಮೆರಾದ ಹಾಟ್ ಶೂ, ಅಂದರೆ ಮೇಲ್ಗಡೆ ಫ್ಲ್ಯಾಶ್ ಕೂರಿಸುವ ಜಾಗ. ನಡುವಿನ ದೊಡ್ಡ ಪಿನ್ ಫ್ಲ್ಯಾಶ್ ಹೊಡೆಸುತ್ತದೆ, ಸುತ್ತಲಿನ ಚಿಕ್ಕ ಪಿನ್‌ಗಳು ಟಿಟಿಎಲ್ (ಲೆನ್ಸ್ ಮೂಲಕ ಬೆಳಕು ಅಳೆದು ಫ್ಲ್ಯಾಶ್ ಶಕ್ತಿ ತಾನಾಗಿ ಹೊಂದಿಸುವ ವಿಧಾನ) ಮಾತುಕತೆ ನಡೆಸುತ್ತವೆ. ಈ ಚಿಕ್ಕ ಪಿನ್‌ಗಳ ಜೋಡಣೆ, ಭಾಷೆ ಒಂದೊಂದು ಕಂಪನಿಗೆ ಒಂದೊಂದು ಥರ. ಅದಕ್ಕೇ ಗೋಡಾಕ್ಸ್ ವಿ860ರಂಥ ಒಂದೇ ಫ್ಲ್ಯಾಶ್ ಕ್ಯಾನನ್, ನಿಕಾನ್, ಸೋನಿಗೆ ಬೇರೆ ಬೇರೆ ಮಾದರಿಯಾಗಿ ಬರುತ್ತದೆ. ಇನ್ನೊಂದು ಮುಖ್ಯ ವಿಷಯ: ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಕ್ಯಾಮೆರಾಗಳಲ್ಲಿ ನಡುವಿನ ಪಿನ್ನೇ ಇಲ್ಲ. ನಡುವಿನ ಪಿನ್ನನ್ನೇ ನಂಬಿದ ಅಗ್ಗದ ಮ್ಯಾನುಯಲ್ ಫ್ಲ್ಯಾಶುಗಳು ಇವುಗಳ ಮೇಲೆ ಹೊಡೆಯುವುದಿಲ್ಲ. ಕ್ಯಾನನ್ ಟಿಟಿಎಲ್ ಮಾದರಿಯೇ ಬೇಕು, ಅದನ್ನೂ ಅಂಗಡಿಯಲ್ಲಿ ನಿಮ್ಮ ಕ್ಯಾಮೆರಾಗೇ ಕೂರಿಸಿ ಹೊಡೆಸಿ ನೋಡಿ ತನ್ನಿ. ಫಿಲಂ ಕಾಲದ ಹಳೆಯ ಫ್ಲ್ಯಾಶನ್ನು ಡಿಜಿಟಲ್ ಕ್ಯಾಮೆರಾಗೆ ಹಾಕಲೇಬೇಡಿ. ಕೆಲವುಗಳ ಟ್ರಿಗರ್ ವೋಲ್ಟೇಜ್ ಇನ್ನೂರು ವೋಲ್ಟ್ ದಾಟುತ್ತದೆ, ಕ್ಯಾಮೆರಾದ ಸರ್ಕಿಟ್ ಸುಟ್ಟುಹೋಗಬಹುದು.

ಗೈಡ್ ನಂಬರ್, ಅಂದರೆ ಫ್ಲ್ಯಾಶಿನ ಶಕ್ತಿ ಸೂಚಿಸುವ ಅಂಕಿ, ಓದುವಾಗ ಎಚ್ಚರ ಬೇಕು. ಡಬ್ಬದ ಮೇಲಿನ 60 ಎನ್ನುವುದು ಸಾಮಾನ್ಯವಾಗಿ ಐಎಸ್‌ಒ 100, ಫ್ಲ್ಯಾಶ್ ಹೆಡ್ 200 ಮಿ.ಮೀ. ಜೂಮ್‌ನಲ್ಲಿದ್ದಾಗಿನ ಲೆಕ್ಕ. ಅದೇ ಫ್ಲ್ಯಾಶ್ 35 ಮಿ.ಮೀ.ನಲ್ಲಿ 36ರಿಂದ 40 ಅಷ್ಟೇ. ಎರಡು ಫ್ಲ್ಯಾಶ್ ಹೋಲಿಸುವಾಗ ಒಂದೇ ಜೂಮಿನ ಅಂಕಿ ಹಿಡಿದು ಹೋಲಿಸಿ. ಆ ನಂಬರನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ: 36ನ್ನು 9 ಮೀಟರಿಂದ ಭಾಗಿಸಿದರೆ ಎಫ್/4. ಐಎಸ್‌ಒ ನಾಲ್ಕು ಪಟ್ಟು ಏರಿದರೆ ಗೈಡ್ ನಂಬರ್ ಎರಡು ಪಟ್ಟಾಗುತ್ತದೆ.

ಹೆಡ್ಡು ಮೇಲಕ್ಕೂ ಹಿಂದಕ್ಕೂ ಪೂರ್ತಿ ತಿರುಗಬೇಕು. ತಿರುಗದ ಫ್ಲ್ಯಾಶ್ ಎಷ್ಟು ಅಗ್ಗವಾಗಿದ್ದರೂ ಬೇಡ. ಮದುವೆ ತೆಗೆಯುವವರಿಗೆ ಲಿಥಿಯಂ ಬ್ಯಾಟರಿಯ ಮಾದರಿಯೇ ಸರಿ. ಪೆನ್ಸಿಲ್ ಸೆಲ್ ಹಾಕುವುದಾದರೆ 2000 ಎಂಎಎಚ್ ಅಥವಾ ಹೆಚ್ಚಿನ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್‌ಗಳು ಬೇಕು, ನಾಲ್ಕೂ ಒಂದೇ ಕಂಪನಿಯವು, ಒಟ್ಟಿಗೆ ಕೊಂಡವು. ಸಾಮಾನ್ಯ ಆಲ್ಕಲೈನ್ ಸೆಲ್ಲಿನ ಒಳಪ್ರತಿರೋಧ ಜಾಸ್ತಿ. ಫ್ಲ್ಯಾಶಿಗೆ ವಿದ್ಯುತ್ ಕೂಡಿಡುವ ಕೆಪಾಸಿಟರ್ ತುಂಬುವುದು ಹೊಡೆತದಿಂದ ಹೊಡೆತಕ್ಕೆ ನಿಧಾನವಾಗುತ್ತದೆ, ಮಾಂಗಲ್ಯಧಾರಣೆ ಫ್ಲ್ಯಾಶಿಗಾಗಿ ಕಾಯುವುದಿಲ್ಲ.

ಬೌನ್ಸ್

ಫ್ಲ್ಯಾಶ್ ನೇರ ಮುಖಕ್ಕೆ ಹೊಡೆದರೆ ಹಣೆ, ಮೂಗು ಹೊಳೆಯುತ್ತವೆ, ಹಿಂದಿನ ಗೋಡೆಗೆ ಗಡುಸು ನೆರಳು ಬೀಳುತ್ತದೆ. ಕಾರಣ, ಬೆಳಕಿನ ಮೂಲ ತೀರಾ ಚಿಕ್ಕದು. ಚಾವಣಿಗೆ ಹೊಡೆದರೆ ಚಾವಣಿಯ ಅಷ್ಟಗಲ ಜಾಗವೇ ಬೆಳಕಿನ ಮೂಲವಾಗುತ್ತದೆ. ಇದಕ್ಕೆ ಎಷ್ಟು ಶಕ್ತಿ ತೆರಬೇಕೆಂದು ಒಮ್ಮೆ ಲೆಕ್ಕ ಹಾಕಿ. ಫ್ಲ್ಯಾಶಿಂದ ಚಾವಣಿಗೆ, ಚಾವಣಿಯಿಂದ ಮುಖಕ್ಕೆ ಒಟ್ಟು 5 ಮೀಟರ್ ಎನ್ನಿ. ಗೈಡ್ ನಂಬರ್ 36, ಐಎಸ್‌ಒ 800ರಲ್ಲಿ ಅದು ಸುಮಾರು 100. ಐದರಿಂದ ಭಾಗಿಸಿದರೆ ಎಫ್/20. ಚಾವಣಿ ನುಂಗಿದ್ದು, ಚದುರಿಹೋದದ್ದು ಎಂದು ಎರಡೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಕಳೆಯಿರಿ, ಎಫ್/8 ಉಳಿಯುತ್ತದೆ. ನೀವು ಎಫ್/4 ಇಟ್ಟರೆ ಎರಡು ಸ್ಟಾಪ್ ಕೈಯಲ್ಲಿ ಮಿಗುತ್ತದೆ, ಅಂದರೆ 1/4 ಶಕ್ತಿ ಸಾಕು. ಇಲ್ಲೇ ಇರುವುದು ಲಾಭ. 1/4 ಶಕ್ತಿಯಲ್ಲಿ ಒಳ್ಳೆಯ ಫ್ಲ್ಯಾಶ್ ಸೆಕೆಂಡಿನೊಳಗೆ ಮತ್ತೆ ತಯಾರಾಗುತ್ತದೆ, ಬಿಸಿಯೂ ಕಡಿಮೆ. ಐಎಸ್‌ಒ 100ರಲ್ಲೇ ಹಟ ಹಿಡಿದು ಪೂರ್ಣ ಶಕ್ತಿಯಲ್ಲಿ ಒಂದೇ ಸಮನೆ ಹೊಡೆದರೆ ಕೆಲವು ಹತ್ತು ಹೊಡೆತಗಳಲ್ಲೇ ಫ್ಲ್ಯಾಶ್ ಕಾದು ತನ್ನಷ್ಟಕ್ಕೆ ನಿಧಾನವಾಗುತ್ತದೆ ಅಥವಾ ನಿಂತೇ ಬಿಡುತ್ತದೆ.

ವಧು ಹತ್ತಿರದಲ್ಲಿದ್ದಾಗ ಹೆಡ್ಡನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಬೇಡಿ, ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಕೂರುತ್ತದೆ. ಸ್ವಲ್ಪ ಹಿಂದಕ್ಕೆ, ಸ್ವಲ್ಪ ಬದಿಗೆ ತಿರುಗಿಸಿ, ಒಳಗಿಂದ ಬಿಳಿ ಕಾರ್ಡ್ ಎಳೆದಿಡಿ. ಶಾಮಿಯಾನದ ಕೆಂಪು, ಹಳದಿ ಬಟ್ಟೆಗೆ ಹೊಡೆದರೆ ಮುಖಕ್ಕೂ ಅದೇ ಬಣ್ಣ. ಮಂಗಳೂರು ಹೆಂಚಿನ ಮಾಡು ಬೆಳಕನ್ನು ನುಂಗಿ ಕೆಂಪು ಛಾಯೆ ಮಾತ್ರ ವಾಪಸ್ ಕೊಡುತ್ತದೆ. ಅಂಥ ಕಡೆ ಬಿಳಿ ಗೋಡೆ ಹುಡುಕಿ. ಅದೂ ಇಲ್ಲದಿದ್ದರೆ ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ, ತಂತಿಯಿಲ್ಲದೆ ಫ್ಲ್ಯಾಶ್ ಹೊಡೆಸುವ ರೇಡಿಯೋ ಟ್ರಿಗರ್ ಹಾಕಿ, ಚಿಕ್ಕ ಬಿಳಿ ಛತ್ರಿಯೊಡನೆ ಬದಿಯಲ್ಲಿ ನಿಲ್ಲಿಸಿ.

ಮಂಟಪದಲ್ಲಿ ಹೊಂದಿಸುವ ಕ್ರಮ

ಫ್ಲ್ಯಾಶ್ ಆಫ್ ಮಾಡಿ, ಕ್ಯಾಮೆರಾ ಮ್ಯಾನುಯಲ್‌ಗೆ ಹಾಕಿ. ಐಎಸ್‌ಒ 800, ಎಫ್/4, ಶಟರ್ 1/100 ಇಟ್ಟು ಒಂದು ಫೋಟೋ ತೆಗೆಯಿರಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, 1/100ರಲ್ಲಿ ಪಟ್ಟಿಗಳ ಕಾಟ ಕಡಿಮೆ. ಹಿನ್ನೆಲೆ ಒಂದು ಸ್ಟಾಪಿನಷ್ಟು ಕತ್ತಲಾಗಿ ಕಂಡರೆ ಸರಿ. ತೀರಾ ಕತ್ತಲಾದರೆ ಐಎಸ್‌ಒ 1600ಕ್ಕೆ ಏರಿಸಿ, ಶಟರ್ ಮುಟ್ಟಬೇಡಿ. ಆಮೇಲೆ ಫ್ಲ್ಯಾಶ್ ಆನ್ ಮಾಡಿ, ಮುಖ ನೋಡಿ ಹೊಂದಿಸಿ.

ಟಿಟಿಎಲ್‌ನಲ್ಲಿ ಫ್ಲ್ಯಾಶ್ ಮೊದಲು ಸಣ್ಣದಾಗಿ ಮಿಂಚಿ, ವಾಪಸ್ ಬಂದ ಬೆಳಕು ಅಳೆದು ಶಕ್ತಿ ನಿರ್ಧರಿಸುತ್ತದೆ. ಎದುರಿಗೆ ಬಿಳಿ ಪಂಚೆಗಳೇ ತುಂಬಿದ್ದರೆ ಬೆಳಕು ಹೆಚ್ಚಾಯಿತೆಂದು ತಪ್ಪು ತಿಳಿದು ಕಡಿಮೆ ಹೊಡೆಯುತ್ತದೆ. ಪಂಚೆ ಬೂದಿಬಣ್ಣ, ಮುಖ ಕಪ್ಪು. ಫ್ಲ್ಯಾಶ್ ಕಾಂಪೆನ್ಸೇಷನ್ +2/3ರಿಂದ +1 ಕೊಡಿ. ಆರತಕ್ಷತೆಯಲ್ಲಿ ಕಪ್ಪು ಸೂಟಿನ ವರನಿಗೆ ಉಲ್ಟಾ, -2/3. ಎಲ್ಲರೂ ಸಾಲಾಗಿ ಒಂದೇ ಜಾಗದಲ್ಲಿ ನಿಲ್ಲುವ ವೇದಿಕೆಯ ಫೋಟೋಗಳಿಗೆ ಮ್ಯಾನುಯಲ್ಲೇ ಉತ್ತಮ: ದೂರ ಬದಲಾಗದಿದ್ದರೆ ಬೆಳಕೂ ಬದಲಾಗದು.

ಹಳದಿ ಬಲ್ಬುಗಳ ಹಾಲ್‌ನಲ್ಲಿ ಫ್ಲ್ಯಾಶಿಗೆ ಕಿತ್ತಳೆ ಸಿಟಿಒ ಜೆಲ್ (ಬೆಳಕಿನ ಬಣ್ಣ ಬದಲಿಸುವ ತೆಳು ಪ್ಲಾಸ್ಟಿಕ್ ಹಾಳೆ) ಕಟ್ಟಿ, ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್ ಇಡಿ. ಫ್ಲ್ಯಾಶ್ 5500 ಕೆಲ್ವಿನ್ ಆಸುಪಾಸಿನ ಬಿಳಿ ಬೆಳಕು. ಜೆಲ್ ಇಲ್ಲದಿದ್ದರೆ ಮುಖ ಸರಿಬಂದು ಹಿನ್ನೆಲೆ ಅರಿಸಿನವಾಗುತ್ತದೆ, ಎಡಿಟಿಂಗಿನಲ್ಲಿ ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ.

ಕೆಟ್ಟರೆ ಎಲ್ಲಿ ನೋಡಬೇಕು

ಫೋಟೋದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬಂದರೆ ಶಟರ್ ಸಿಂಕ್ ವೇಗ, ಅಂದರೆ ಫ್ಲ್ಯಾಶ್ ಜೊತೆ ಬಳಸಬಹುದಾದ ಗರಿಷ್ಠ ಶಟರ್ ವೇಗ, ದಾಟಿದೆ. ಸಾಮಾನ್ಯವಾಗಿ ಅದು 1/200 ಅಥವಾ 1/250. ಅದಕ್ಕಿಂತ ವೇಗದಲ್ಲಿ ಮೊದಲ ಪರದೆ ಪೂರ್ತಿ ತೆರೆಯುವ ಮುಂಚೆಯೇ ಎರಡನೆಯದು ಮುಚ್ಚಲು ಹೊರಟಿರುತ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸಿಂಕ್) ಹಾಕಿದರೆ ಫ್ಲ್ಯಾಶ್ ಬಿಡದೆ ಮಿಡಿದು ಪಟ್ಟಿ ತಪ್ಪಿಸುತ್ತದೆ, ಆದರೆ ಎರಡು ಸ್ಟಾಪ್ ಅಥವಾ ಹೆಚ್ಚು ಶಕ್ತಿ ಹೋಗುತ್ತದೆ. ಅದನ್ನು ಮಟಮಟ ಮಧ್ಯಾಹ್ನದ ಹೊರಾಂಗಣಕ್ಕೆ ಇಟ್ಟುಕೊಳ್ಳಿ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಫ್ಲ್ಯಾಶ್ ಹೊಡೆಯದಿದ್ದರೆ ಮೊದಲು ಸೈಲೆಂಟ್ ಶಟರ್ ಆನ್ ಇದೆಯೇ ನೋಡಿ. ಬಹುಪಾಲು ಕ್ಯಾಮೆರಾಗಳಲ್ಲಿ ಅದಿದ್ದರೆ ಫ್ಲ್ಯಾಶ್ ಕೆಲಸ ಮಾಡದು. ಟ್ರಿಗರ್ ಹಾಕಿಯೂ ಹೊಡೆಯದಿದ್ದರೆ ಚಾನೆಲ್, ಗ್ರೂಪ್ ಎರಡೂ ಕಡೆ ಒಂದೇ ಇದೆಯೇ ನೋಡಿ, ಆಮೇಲೆ ಶೂವಿನ ಪಿನ್‌ಗಳನ್ನು ಒಣಬಟ್ಟೆಯಿಂದ ಒರೆಸಿ. ಫ್ಲ್ಯಾಶ್ ಬಿಚ್ಚಿ ರಿಪೇರಿಗೆ ಕೈಹಾಕಬೇಡಿ. ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಆಫ್ ಮಾಡಿದ ಮೇಲೂ ಉಳಿದಿರುತ್ತದೆ.

ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೆ ಪೆನ್ಸಿಲ್ ಸೆಲ್‌ಗಳನ್ನು ತೆಗೆದಿಡಿ, ಸೋರಿದರೆ ಸ್ಪ್ರಿಂಗುಗಳು ತುಕ್ಕು ಹಿಡಿಯುತ್ತವೆ. ತಿಂಗಳಿಗೊಮ್ಮೆ ಸೆಲ್ ಹಾಕಿ ನಾಲ್ಕಾರು ಸಲ ಹೊಡೆಸಿ, ಕೆಪಾಸಿಟರ್ ಚೆನ್ನಾಗಿರುತ್ತದೆ.