ಜಾಲಪುಟದಲ್ಲಿ ಓಡಾಡುವ ಗೆರೆಗಳು

ಅಂತರಜಾಲವು ದೂರವಾಣಿಯ ತಂತಿ ಹಿಡಿದು ಮನೆಗೆ ಬರುತ್ತಿದ್ದ 1990ರ ದಶಕದಲ್ಲಿ ಸೆಕೆಂಡಿಗೆ 28,800 ಬಿಟ್ ಸಾಗಿಸುವ ಮೋಡೆಮ್ ವೇಗದ್ದೇ ಎನಿಸಿಕೊಂಡಿತ್ತು. ಸಾವಿರ ಚುಕ್ಕೆ ಅಗಲ, ಸಾವಿರ ಚುಕ್ಕೆ ಎತ್ತರದ ಒಂದು ಬಣ್ಣದ ಚಿತ್ರಕ್ಕೆ, ಚುಕ್ಕೆಗೆ ಮೂರು ಬೈಟ್‌ನಂತೆ, ಮೂವತ್ತು ಲಕ್ಷ ಬೈಟ್‌ಗಳು, ಅಂದರೆ ಬೈಟಿಗೆ ಎಂಟರಂತೆ 240 ಲಕ್ಷ ಬಿಟ್‌ಗಳು ಬೇಕು. ಕುಗ್ಗಿಸದೆ ಕಳುಹಿಸಿದರೆ ಅದು ಆ ಮೋಡೆಮ್‌ನಿಂದ ಹೊರಬರಲು ಸುಮಾರು 14 ನಿಮಿಷ ಹಿಡಿಯುತ್ತಿತ್ತು. ಕುಗ್ಗಿಸುವ ವಿಧಾನಗಳು ಆಗಲೂ ಇದ್ದವಾದರೂ, ಸೆಕೆಂಡಿಗೆ ಹತ್ತಾರು ಚಿತ್ರಗಳನ್ನು ಬೇಡುವ ಅನಿಮೇಶನ್‌ಗೆ ಅವು ಸಾಲುತ್ತಿರಲಿಲ್ಲ.

ವೆಕ್ಟರ್ ವಿಧಾನ ಈ ಕಷ್ಟವನ್ನು ಬಗೆಹರಿಸಿದ್ದು ಚುಕ್ಕೆಗಳ ಬದಲು ಆಜ್ಞೆಗಳನ್ನು ಕಳುಹಿಸುವ ಮೂಲಕ. ಕೇಂದ್ರ ಎಲ್ಲಿ, ತ್ರಿಜ್ಯ ಎಷ್ಟು, ಒಳಗೆ ಯಾವ ಬಣ್ಣ ಎಂದು ಹೇಳಿದರೆ ಒಂದು ವೃತ್ತದ ವಿಷಯ ಮುಗಿಯಿತು; ಇಷ್ಟನ್ನು ಬರೆಯಲು ನೂರು ಬೈಟ್‌ಗಳೂ ಬೇಡ, ಬಿಡಿಸುವ ಕೆಲಸ ಓದುಗನ ಕಂಪ್ಯೂಟರಿನದು. ವಕ್ರರೇಖೆಗಳಿಗೂ ಇದೇ ಬಗೆಯ ಸೂತ್ರವುಂಟು. ಕಾರಿನ ಮೈಯ ಬಾಗುಗಳನ್ನು ಲೆಕ್ಕಕ್ಕೆ ಇಳಿಸಲು ಹೊರಟ ಫ್ರಾನ್ಸಿನ ಇಬ್ಬರು, ಸಿಟ್ರೊಯೆನ್‌ನ ಪಾಲ್ ದ ಕ್ಯಾಸ್ಟೆಲ್ಜೊ ಮತ್ತು ರೆನೋ ಕಂಪನಿಯ ಪಿಯರ್ ಬೆಜಿಯೆ, ಬೇರೆಬೇರೆಯಾಗಿ ರೂಪಿಸಿದ ಈ ರೇಖೆಗಳಲ್ಲಿ ಮೂರು ಅಥವಾ ನಾಲ್ಕು ಬಿಂದುಗಳು ಇಡೀ ತಿರುವನ್ನು ನಿರ್ಧರಿಸುತ್ತವೆ. ಚಲನೆಯೂ ಅಷ್ಟೇ ಅಗ್ಗವಾಗಿ ದೊರೆಯುತ್ತದೆ: ತೊಗಲುಗೊಂಬೆಯ ಕೈಯನ್ನು ಪ್ರತಿ ಭಂಗಿಗೂ ಹೊಸದಾಗಿ ಕತ್ತರಿಸದೆ ಕೀಲಿನಲ್ಲಿ ತಿರುಗಿಸುವಂತೆ, ಒಮ್ಮೆ ಬರೆದ ಆಕಾರಕ್ಕೆ ಮೊದಲ ಮತ್ತು ಕೊನೆಯ ಸ್ಥಾನಗಳನ್ನು ಕೊಟ್ಟರೆ ನಡುವಿನ ಸ್ಥಾನಗಳನ್ನು ಯಂತ್ರವೇ ಲೆಕ್ಕ ಹಾಕುತ್ತದೆ.

ಜೊನಾಥನ್ ಗೇ ಮತ್ತು ಅವರ ಸಂಗಡಿಗರು 1996ರಲ್ಲಿ ತಂದ ಫ್ಯೂಚರ್‌ಸ್ಪ್ಲಾಶ್ ಎಂಬ ತಂತ್ರಾಂಶ ಇದನ್ನೇ ಜಾಲತಾಣಗಳಿಗೆ ತಂದಿತು. ಅದೇ ವರ್ಷದ ಕೊನೆಯಲ್ಲಿ ಮ್ಯಾಕ್ರೋಮೀಡಿಯಾ ಕಂಪನಿ ಅದನ್ನು ಕೊಂಡು ಫ್ಲ್ಯಾಶ್ ಎಂದು ಹೆಸರಿಟ್ಟಿತು. ಮುಂದೆ ಧ್ವನಿ, ಆಟ, ವಿಡಿಯೊ ಎಲ್ಲವೂ ಅದರೊಳಗೆ ಸೇರಿದವು. 2005ರಲ್ಲಿ ಆರಂಭವಾದ ಯೂಟ್ಯೂಬ್ ಕೂಡ ಮೊದಲಿಗೆ ಫ್ಲ್ಯಾಶ್ ಮೂಲಕವೇ ವಿಡಿಯೊ ತೋರಿಸುತ್ತಿತ್ತು. ಆದರೆ ಫ್ಲ್ಯಾಶ್ ಪುಟದಲ್ಲಿದ್ದರೂ ಪುಟದ ಭಾಗವಾಗಿರಲಿಲ್ಲ. ಬ್ರೌಸರ್ ಒಂದು ಚೌಕವನ್ನು ಬಿಟ್ಟುಕೊಡುತ್ತಿತ್ತು, ಅದರೊಳಗೆ ಏನಾಗುತ್ತಿದೆ ಎಂಬುದು ಅದಕ್ಕೆ ಹೆಚ್ಚುಕಡಿಮೆ ತಿಳಿಯುತ್ತಲೇ ಇರಲಿಲ್ಲ. ಭದ್ರತೆಯ ಬಿರುಕುಗಳು, ಬ್ಯಾಟರಿಯ ಖರ್ಚು ಮತ್ತು 2010ರ ಏಪ್ರಿಲ್‌ನಲ್ಲಿ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಫ್ಲ್ಯಾಶ್ ವಿರುದ್ಧ ಬರೆದ ಬಹಿರಂಗ ಪತ್ರ ಅದನ್ನು ಬದಿಗೆ ಸರಿಸಿದವು. ಆಗ ಅದರ ಒಡೆತನ ಹೊಂದಿದ್ದ ಅಡೋಬಿ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು.

ಅಷ್ಟರಲ್ಲಿ ವೆಕ್ಟರ್ ಚಿತ್ರಗಳಿಗೆ ಎಸ್‌ವಿಜಿ ಎಂಬ ಮುಕ್ತ ಮಾನಕ ಬಂದು ಬಹುಕಾಲವಾಗಿತ್ತು. 2001ರ ಸೆಪ್ಟೆಂಬರ್‌ನಲ್ಲೇ ಅದು ಅಂಗೀಕೃತವಾಗಿದ್ದರೂ ಮೈಕ್ರೋಸಾಫ್ಟ್‌ನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದನ್ನು ಒಪ್ಪಿಕೊಂಡದ್ದು 2011ರಲ್ಲಿ ಬಂದ ಒಂಬತ್ತನೆಯ ಆವೃತ್ತಿಯಲ್ಲಿ. ಆ ಹತ್ತು ವರ್ಷಗಳ ಉದಾಸೀನವನ್ನು ಕ್ಷಮಿಸುವುದು ಕಷ್ಟ. ಎಸ್‌ವಿಜಿ ಚಿತ್ರವನ್ನು ಪುಟದ ಸಂಕೇತದ ನಡುವೆಯೇ ಬರೆಯಬಹುದಾದ್ದರಿಂದ, ಅದರ ಒಂದೊಂದು ಗೆರೆಯನ್ನೂ ಶೀರ್ಷಿಕೆ ಅಥವಾ ಪ್ಯಾರಾದಂತೆಯೇ ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಯಿಂದ ಚಲಿಸುವಂತೆ ಮಾಡಬಹುದು, ಬಣ್ಣ ಬದಲಿಸಬಹುದು.

ಕನ್ನಡದಲ್ಲಿ ತಾಣ ಕಟ್ಟುವವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ‘ಸ್ತ್ರೀ’ ಎಂಬ ಒಂದೇ ಅಕ್ಷರದ ಹಿಂದೆ ಯೂನಿಕೋಡ್‌ನ, ಅಂದರೆ ಕಂಪ್ಯೂಟರಿನಲ್ಲಿ ಲಿಪಿಗಳನ್ನು ಗುರುತಿಸುವ ಪದ್ಧತಿಯ, ಆರು ಸಂಕೇತಗಳಿದ್ದು, ಅವನ್ನು ಒತ್ತು, ದೀರ್ಘಗಳೊಡನೆ ಕೂಡಿಸುವುದನ್ನು ಬ್ರೌಸರ್‌ಗಳು ಇಂದು ಚೆನ್ನಾಗಿಯೇ ಮಾಡುತ್ತವೆ. ಆದರೆ ಸಂಕೇತಗಳನ್ನು ಬಿಡಿಬಿಡಿಯಾಗಿ ಹಾರಿಸುವ ಅನಿಮೇಶನ್ ಬರೆದರೆ ಒತ್ತಕ್ಷರಗಳು ಚದುರಿಹೋಗುತ್ತವೆ. ಚಲನೆಯ ಘಟಕ ಪೂರ್ತಿ ಅಕ್ಷರ ಅಥವಾ ಪೂರ್ತಿ ಪದವಾಗಿರಬೇಕು. ಈ ತೊಡಕಿಗೆ ಹೆದರಿ ಪಠ್ಯವನ್ನೆಲ್ಲ ಬರಿಯ ರೇಖೆಗಳಾಗಿ ಪರಿವರ್ತಿಸುವವರು ಕಡಿಮೆಯಿಲ್ಲ. ನೋಟಕ್ಕೆ ಅದು ಸರಿಯಾಗಿಯೇ ಕಾಣುತ್ತದೆ, ಆದರೆ ಹುಡುಕಾಟಕ್ಕೆ ಸಿಗುವುದಿಲ್ಲ, ಅಂಧರ ಪರದೆವಾಚಕಕ್ಕೆ ಕೇಳಿಸುವುದಿಲ್ಲ. ಫ್ಲ್ಯಾಶ್‌ನ ಮುಚ್ಚಿದ ಪೆಟ್ಟಿಗೆಯನ್ನು ನಾವೇ ಮತ್ತೆ ಕಟ್ಟಿಕೊಂಡಂತೆ.

ವೆಕ್ಟರ್ ಎಂದರೆ ಹಗುರ ಎಂಬ ನಂಬಿಕೆಗೂ ಮಿತಿಯಿದೆ. ಛಾಯಾಚಿತ್ರವನ್ನು ಯಂತ್ರದಿಂದ ವೆಕ್ಟರ್ ಮಾಡಿಸಿದರೆ ಸಾವಿರಾರು ಬಿಂದುಗಳು ಹುಟ್ಟಿ, ಕಡತ ಮೂಲಕ್ಕಿಂತಲೂ ಹಿಗ್ಗಬಹುದು. ಸೆಕೆಂಡಿಗೆ 60 ಚೌಕಟ್ಟುಗಳು, ಅಂದರೆ ಬಿಡಿ ಚಿತ್ರಗಳು, ಬೇಕೆಂದರೆ ಒಂದೊಂದಕ್ಕೂ ಸಿಗುವ ಸಮಯ 17 ಮಿಲಿಸೆಕೆಂಡಿಗಿಂತ ಕಡಿಮೆ. ಅಷ್ಟರೊಳಗೆ ಅಗ್ಗದ ಮೊಬೈಲ್ ಎಲ್ಲ ಗೆರೆಗಳನ್ನೂ ಮತ್ತೆ ಬಿಡಿಸಬೇಕು. ಆಕಾರವನ್ನೇ ಬದಲಿಸದೆ ಸ್ಥಾನ, ತಿರುವು, ಪಾರದರ್ಶಕತೆಗಳನ್ನಷ್ಟೇ ಬದಲಿಸಿದರೆ ಆ ಕೆಲಸ ಸಾಮಾನ್ಯವಾಗಿ ಗ್ರಾಫಿಕ್ಸ್ ಚಿಪ್‌ಗೆ ಹೋಗುವುದರಿಂದ ಚಲನೆ ನಯವಾಗಿರುತ್ತದೆ. ಮುಖಭಾವ, ಮಳೆ, ಜನಜಂಗುಳಿಯಂಥವನ್ನು ವಿಡಿಯೊಗೆ ಬಿಡುವುದೇ ಜಾಣತನ.

ವಿಡಿಯೊ ತಾನಾಗಿ ಓಡಬೇಕಾದರೆ ಧ್ವನಿ ಅಡಗಿರಬೇಕೆಂದು ಈಗಿನ ಬ್ರೌಸರ್‌ಗಳು ಸಾಮಾನ್ಯವಾಗಿ ಪಟ್ಟು ಹಿಡಿಯುತ್ತವೆ. ಜಾಲದ ಸುಗಮ್ಯತಾ ಮಾರ್ಗಸೂಚಿಯ ಪ್ರಕಾರ, ತಾನಾಗಿ ಆರಂಭವಾಗಿ ಇತರ ವಿಷಯದ ಪಕ್ಕದಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಚಲಿಸುವುದನ್ನು ನಿಲ್ಲಿಸಲು ಓದುಗನಿಗೆ ಅವಕಾಶವಿರಬೇಕು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಏನೂ ಮಿನುಗಬಾರದು, ಏಕೆಂದರೆ ಕೆಲವರಲ್ಲಿ ಅದು ಮೂರ್ಛೆಯನ್ನು ತರಬಲ್ಲದು. ಚಲನೆ ಕಂಡರೆ ತಲೆ ಸುತ್ತುವವರು ತಮ್ಮ ಫೋನಿನಲ್ಲಿ ಅದನ್ನು ಕಡಿಮೆ ಮಾಡುವ ಆಯ್ಕೆಯನ್ನು ಇಟ್ಟುಕೊಂಡಿರುತ್ತಾರೆ, ಮತ್ತು ಸಿಎಸ್‌ಎಸ್‌ನಲ್ಲಿ ನಾಲ್ಕೈದು ಸಾಲು ಬರೆದರೆ ಪುಟವು ಆ ಆಯ್ಕೆಯನ್ನು ಗಮನಿಸಿ ಗೆರೆಗಳನ್ನು ನಿಂತಲ್ಲೇ ನಿಲ್ಲಿಸುತ್ತದೆ.